ಇಮಾಮಬಿ ಚಿಗವ್ವನ ಗೇಟು

ಇಮಾಮಬಿ ಚಿಗವ್ವನಿಗೆ ಬಳೆ ಇಡಿಸಲು ಬಳೆಗಾರ ಎರಡು ಅಳತೆಯ ಬಳೆ ತರಬೇಕಾಗಿತ್ತು. ಎಡಗೈಗೆ ಹೊಂದಿದ್ದು ಬಲಗೈಗೆ ಏರುತ್ತಿರಲಿಲ್ಲ. ಊರಿನ ಅರ್ಧ ಮನೆಗಳ ಜೋಳ ಬೀಸಿ ಬೀಸಿ ಆ ಕೈ ಹಾಗೆ ದಪ್ಪಗಾಗಿತ್ತು.

"ಈ ಬಲಗೈ ಯಾರ ಕಡೆಯಿಂದ ಇಸಗೊಂಡು ಬಂದೀಬೇ?" ಎಂದು ಅವನು ಕಾಡಿದರೆ, "ನಿನ್ನ ಹೇಂತಿ ಕಡೆಯಿಂದ. ಮನಿಗೆ ಹೋಗಿ ನೋಡು, ಅಕಿ ಒಂದ ಕೈಲೆ ರೊಟ್ಟಿ ಬಡ್ಯಾಕತ್ತಿರ್ತಾಳ" ಎನ್ನುತ್ತಿದ್ದಳು.

ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ; ಅಷ್ಟಕ್ಕೇ ಅವಳು ನನಗೆ ಚಿಗವ್ವ. ನಸುಕಿನಲ್ಲಿ ಆ ಗೋಡೆಯಾಚೆ ಬೀಸುಕಲ್ಲಿನ ಸದ್ದು ಕೇಳಿದರೇನೇ ನನಗೆ ಬೆಳಗಾಗುತ್ತಿತ್ತು.

ತಾರಿಹಾಳದ ಆಚೆ, ನಮ್ಮೂರ ಗುಡ್ಡದ ಮೇಲೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯವರು ಒಂದು ಯಂತ್ರ ಹೂಡಿಕೊಂಡು ಕೂತರು. ದೂರದ ವಿಮಾನ ಪತ್ತೆ ಹಚ್ಚುವ ಆ ಯಂತ್ರಕ್ಕೆ ರೇಡಾರ್ ಎನ್ನುತ್ತಾರೆ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಆಗ ನಮ್ಮ ಪಾಲಿಗೆ ಅದು ಹೊರಸು, ಹಗ್ಗದ ಮಂಚ. ಗೋಡೆಗೆ ಆನಿಸಿಟ್ಟ ಹೊರಸಿನಂಥ ಕಬ್ಬಿಣದ ಚೌಕಟ್ಟು ಕಂಬದ ತುದಿಯಲ್ಲಿ ನಿಂತು ತಿರುಗುತ್ತಿತ್ತು. ಅದರ ಮೇಲೆ ಮಲಗಿದವರಿಗೆ ತಲೆ ತಿರುಗುವುದಿಲ್ಲವೇ ಎಂದು ಕೇಳಿ ನಾನು ಅವ್ವನಿಂದ ಏಟು ತಿಂದಿದ್ದೆ.

ಹೊರಸಿನಿಂದ ನಮಗೇನೂ ತೊಂದರೆಯಿರಲಿಲ್ಲ. ತೊಂದರೆ ಬೇಲಿಯದು. ಸುತ್ತ ಮುಳ್ಳುತಂತಿ ಬಿಗಿದಾಗ ಗುಡ್ಡದ ಸಿಹಿನೀರಿನ ಬಾವಿ ಒಳಗಾಯಿತು, ನಾವು ಹೊರಗಾದೆವು. ಊರೊಳಗಿನ ಬಾವಿ ಬರೀ ಸವಳು. ಬೇಳೆ ಬೇಯುತ್ತಿರಲಿಲ್ಲ, ಕೂಸುಗಳ ಹೊಟ್ಟೆ ಕೆಡುತ್ತಿತ್ತು.

ಒಂದು ದಿನ ಹೆಂಗಸರೆಲ್ಲ ಕೊಡ ಹೊತ್ತು ಬೇಲಿಯ ಮುಂದೆ ನಿಂತರು. ಬೆಳಗಾವಿ ಕಡೆಯ ಹವಾಲ್ದಾರನೊಬ್ಬ ಬಂದು, "ಹುಕುಂ ಇಲ್ಲರಿ ಅಕ್ಕಾರ, ಹೋಗ್ರಿ" ಎಂದ. ಎಲ್ಲರೂ ಬೈಯತೊಡಗಿದರೆ ಚಿಗವ್ವ ಮಾತ್ರ ಹೊರಸಿನ ಕೆಳಗಿದ್ದ ಗುಡಿಸಲಿನೊಳಗಿನ ಸದ್ದಿಗೆ ಕಿವಿಗೊಟ್ಟು ನಗುತ್ತಿದ್ದಳು.

"ಯಾಕ ನಗಾಕತ್ತೀಯವಾ?" ಎಂದ ಹವಾಲ್ದಾರ.

"ಒಳಗ ಯಾರೋ ಏನೋ ತಿರುವಾಕತ್ತಾರಲ್ರಿ, ಅವರಿಗೆ ಬೀಸಾಕ ಬರೂದಿಲ್ಲ. ಜಗ್ತಾರ, ನಿಲ್ತಾರ, ಮತ್ತ ಜಗ್ತಾರ. ಹಿಂಗ ಬೀಸಿದ್ರ ಅರ್ಧ ಹಿಟ್ಟು, ಅರ್ಧ ನುಚ್ಚು."

ಹವಾಲ್ದಾರನ ಮುಖ ಬದಲಾಯಿತು. ಆ ಗುಡಿಸಲಿನೊಳಗೆ ಕೂತು ಹೊರಸನ್ನು ಸಿಪಾಯಿಗಳು ಕೈಯಿಂದ ತಿರುಗಿಸುತ್ತಿದ್ದರು. ಒಂದೇ ವೇಗದಲ್ಲಿ ತಿರುಗುವುದಿಲ್ಲವೆಂದು ಗೋರಾ ಸಾಹೇಬ ದಿನಾ ಅವರ ಮೇಲೆ ಹರಿಹಾಯುತ್ತಿದ್ದ. ಹವಾಲ್ದಾರ ಹೋಗಿ ಸಾಹೇಬನನ್ನೇ ಕರೆತಂದ.

ಚಿಗವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ಎಂಟ ದಿನ ಕೊಡ್ರಿ, ನಿಮ್ಮ ಹುಡುಗರಿಗೆ ಬೀಸೂದು ಕಲಸ್ತೀನಿ. ಕಲತ್ರ ಬಾವಿಗೆ ದಾರಿ ಬಿಡ್ರಿ. ಕಲೀಲಿಲ್ಲಂದ್ರ ನಮ್ಮೂರಾಗ ಯಾರೂ ಮತ್ತ ಬಾವಿ ಹೆಸರ ಎತ್ತೂದಿಲ್ಲ."

ಹವಾಲ್ದಾರ ತಿಳಿಸಿ ಹೇಳಿದ ಮೇಲೆ ಸಾಹೇಬ ಒಪ್ಪಿದ. ಒಪ್ಪದವಳು ನಮ್ಮವ್ವ. "ಊರ ಬಾವಿ ಪಣಕ್ಕ ಇಡಾಕ ನೀ ಯಾರಬೇ? ಸೋತ್ರ ನಮ್ಮ ಕೂಸುಗಳು ಕಡೀತನಕ ಸವಳ ನೀರ ಕುಡೀಬೇಕು."

"ಈಗೇನ ಹಾಲ ಕುಡ್ಯಾಕತ್ತಾವ?"

ಅವ್ವ ಅಂದಿನಿಂದ ಅವಳ ಸಂಗಡ ಮಾತು ಬಿಟ್ಟಳು.

ಯಂತ್ರದ ಗುಡಿಸಲಿಗೆ ಚಿಗವ್ವನನ್ನು ಬಿಡುವಂತಿರಲಿಲ್ಲ. ಬೇಲಿಯ ಪಕ್ಕದ ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಬೀಸುಕಲ್ಲು ಇಟ್ಟು ನಾಲ್ಕು ಸಿಪಾಯಿಗಳನ್ನು ಕೂರಿಸಿದರು. ನಾವು ತಂತಿಗೆ ಮೂಗು ಹಚ್ಚಿ ನೋಡುತ್ತಿದ್ದೆವು. ಅಂಗೈಗೆ ಬೊಬ್ಬೆ, ಮೀಸೆಗೆ ಹಿಟ್ಟು. ಐದು ದಿನವಾದರೂ ಕಲ್ಲು ಕುಂಟುವುದು ಬಿಡಲಿಲ್ಲ.

"ಹಾಡ್ರೋ ತಮ್ಮಾ, ಹಾಡಿದ್ರ ಕೈ ನಿಲ್ಲೂದಿಲ್ಲ" ಎಂದರೆ ಅವರಿಗೆ ನಾಚಿಕೆ. ಕೊನೆಗೆ ಅವಳೇ ಅವರ ಮೇಲೆ ಪದ ಕಟ್ಟಿದಳು:

"ಮೀಸಿ ತಿರುವಿದ್ದು ಸಾಕೋ ಮಾವಾ,
ಕಲ್ಲ ತಿರುವಿ ತೋರೋ ಜೀವಾ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಅವಳ ಬಾಯಿ ಮುಚ್ಚಿಸಲೆಂದೇ ಒಬ್ಬ ಪಂಜಾಬಿಯಲ್ಲಿ ಜೋರಾಗಿ ಹಾಡತೊಡಗಿದ, ಇನ್ನೊಬ್ಬ ತಮಿಳಿನಲ್ಲಿ. ಕಲ್ಲು ಕುಂಟುವುದು ಕಡಿಮೆಯಾಯಿತು.

ಎಂಟನೆಯ ದಿನ ಸಾಹೇಬ ಗಡಿಯಾರ ಹಿಡಿದು ಹೊರಸಿನ ಕೆಳಗೆ ನಿಂತ. ಇಡೀ ಊರು ಬೇಲಿಯ ಹತ್ತಿರ. ಹೊರಸು ಕಿರ್ ಎಂದು ಹೊರಟು ತಡೆದು ನಿಂತಿತು. ಅವ್ವ ನನ್ನ ಕೈ ಹಿಂಡಿದಳು. ಆಗ ಗುಡಿಸಲಿನೊಳಗಿಂದ, ಕನ್ನಡ ಬಾರದ ಪಂಜಾಬಿ ಸಿಪಾಯಿಯ ದಪ್ಪ ದನಿಯಲ್ಲಿ, "ಮೀಸಿ ತಿರುವಿದ್ದು ಸಾಕೋ ಮಾವಾ" ಕೇಳಿಸಿತು. ಹೊರಸು ತಿರುಗಿತು. ಒಂದು ಸುತ್ತು, ಎರಡು, ಐದು, ಹತ್ತು, ಎಲ್ಲೂ ಮುಗ್ಗರಿಸಲಿಲ್ಲ. ಸಾಹೇಬ ಗಡಿಯಾರ ಕಿಸೆಗೆ ಹಾಕಿಕೊಂಡು ಚಿಗವ್ವನಿಗೆ ಸಲಾಂ ಹೊಡೆದ. ಅವಳು ದಪ್ಪ ಕೈಯಿಂದಲೇ ತಿರುಗಿ ಸಲಾಂ ಹೊಡೆದಳು.

ಮರುದಿನವೇ ಬೇಲಿ ಕತ್ತರಿಸಿ ಕಬ್ಬಿಣದ ಗೇಟು ನಿಲ್ಲಿಸಿದರು. ಒಂದೇ ಕರಾರು: ಹೋಗುವಾಗ ಬರುವಾಗ ಚಿಲಕ ಹಾಕಬೇಕು. ಮೊದಲ ಕೊಡ ಚಿಗವ್ವ ತುಂಬಿದಳು. ಎರಡನೆಯದು, ಮಾತು ಬಿಟ್ಟಿದ್ದ ನಮ್ಮವ್ವನ ಕೊಡ. ಅದನ್ನೂ ಚಿಗವ್ವನೇ ತುಂಬಿ ಅವ್ವನ ತಲೆಯ ಮೇಲಿಟ್ಟು, "ಈಗ ಬೈಯಿ" ಎಂದಳು.

ಯುದ್ಧ ಮುಗಿಯಿತು. ಠಾಣೆ ಮುಚ್ಚಿ, ಹೊರಸು ಬಿಚ್ಚಿ ಲಾರಿಗೆ ಹೇರಿದರು, ತಂತಿ ಸುತ್ತಿಕೊಂಡರು. ಗೇಟಿಗೆ ಕೈ ಹಚ್ಚಿದಾಗ ಚಿಗವ್ವ ಅದನ್ನು ಹಿಡಿದು ನಿಂತಳು. "ಬ್ಯಾಲಿ ನಿಮ್ಮದು, ಒಯ್ರಿ. ಗೇಟ ನಂದು."

ಬಿಟ್ಟು ಹೋದರು. ಬಟಾಬಯಲಿನಲ್ಲಿ ಗೇಟೊಂದೇ ಉಳಿಯಿತು. ದನ, ಜನ ಎಲ್ಲ ಅದರ ಮಗ್ಗುಲಿಂದ ಹಾಯುತ್ತಿದ್ದರು. ಅವಳೊಬ್ಬಳು ಚಿಲಕ ತೆಗೆದು, ದಾಟಿ, ತಿರುಗಿ ಚಿಲಕ ಹಾಕುತ್ತಿದ್ದಳು. "ಎಲ್ಲಾ ಕಡೆ ಬಯಲ ಐತಲ್ಲಬೇ" ಎಂದು ಅವ್ವ ನಕ್ಕರೆ, "ಬಯಲು ಎಲ್ಲಾರದೂ ಐತಿ. ಗೇಟ ಯಾರಿಗೈತಿ?" ಎನ್ನುತ್ತಿದ್ದಳು.

ಕೇಶ್ವಾಪುರಕ್ಕೆ ಮದುವೆಯಾಗಿ ಬಂದ ಮೇಲೆ ನಾನು ತವರಿಗೆ ಹೋದಾಗಲೆಲ್ಲ ಚಿಗವ್ವನ ಮೊದಲ ಪ್ರಶ್ನೆ ಒಂದೇ: "ಚಿಲಕ ಹಾಕಿ ಬಂದಿಯೇನ?" ನಾನು ಮಗ್ಗುಲಿಂದ ಬಂದಿದ್ದರೂ ಹೂಂ ಎನ್ನುತ್ತಿದ್ದೆ.

ಅವಳು ತೀರಿಕೊಂಡ ದಿನ ನಾನು ಊರಲ್ಲೇ ಇದ್ದೆ. ಖಬರಸ್ತಾನದ ದಾರಿ ಬಾವಿಯ ಹತ್ತಿರದಿಂದಲೇ. ಜನಾಜಾ ಹೊತ್ತವರು ಅಭ್ಯಾಸದಂತೆ ಗೇಟಿನ ಮಗ್ಗುಲಿಗೆ ಹೊರಳಿದರು.

"ನಿಲ್ರಿ" ಎಂದಳು ನಮ್ಮವ್ವ. ಮುಂದೆ ಹೋಗಿ ಗೇಟಿನ ಎರಡೂ ಬಾಗಿಲು ತೆರೆದಳು. ಇಡೀ ಊರು ಸಾಲಾಗಿ ಅದರೊಳಗಿಂದ ದಾಟಿತು. ಆಮೇಲೆ ಅವ್ವ ಚಿಲಕ ಹಾಕಿದಳು.