ಕುಂಕುಮ ಹಚ್ಚಿದ ಕಂಪ್ಯೂಟರ್

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ಪ್ರೋಗ್ರಾಮು ನೋಡಿಕೊಳ್ಳುತ್ತಿದ್ದ ಕಾಲ. ಹಾಕಿದ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವ ನನಗೆ ತಕ್ಕ ಕೆಲಸ. ಯಾವ ಹೊಲಕ್ಕೆ ಯಾವಾಗ ನೀರಿನ ಪಾಳಿ ಎಂಬುದೆಲ್ಲ ಡೇಟಾಬೇಸಿನಲ್ಲಿರುತ್ತಿತ್ತು. ಅಂಥ ಡೇಟಾಬೇಸು ಎರಡು. ನಿಜವಾದ ಪಾಳಿಗಳದ್ದು ಒಂದು. ಕಾಲುವೆ ಒಣಗಿರುವಾಗ ಸುಳ್ಳು ಪಾಳಿ ಹಾಕಿ ತಾಲೀಮು ಮಾಡಲು ಇನ್ನೊಂದು. ಯಾವುದನ್ನು ಓದಬೇಕೆಂದು ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು. ಅದರಂತೆ ಪ್ರೋಗ್ರಾಮಿನೊಳಗಿನ ಓಆರ್‌ಎಂ ಎಂಬ ಮಧ್ಯಸ್ಥ ಡೇಟಾಬೇಸಿಗೆ ಹೋಗಿ ರೈತ, ಹೊಲ, ಪಾಳಿ ತಂದುಕೊಡುತ್ತಿತ್ತು. ಎಲ್ಲ ಮಧ್ಯಸ್ಥರಂತೆ ಅದರ ಮೇಲೂ ನನಗೆ ಒಂದು ಕಣ್ಣು.

ನೀರು ಬಿಟ್ಟ ದಿನ ಬೆಳಿಗ್ಗೆ ದೋರನಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಅವಳ ಹೊಲ ಕಾಲುವೆಯ ತುದಿಗೆ.

"ಸಾಹೇಬ್ರ, ಮಧ್ಯಾಹ್ನ ನಂದ ಪಾಳಿ ಅಂದಿದ್ರಿ. ಗೇಟಿನಾಂವ ಕಂಪ್ಯೂಟರ್‌ನಾಗ ನಿನ್ನ ಹೆಸರಿಲ್ಲ ಅಂತಾನ. ಈ ಪಾಳಿ ತಪ್ಪಿದ್ರ ಮೆಣಸಿನ ಸಸಿ ಹೋದಂಗ."

ತೆರೆಯ ಮೇಲೆ ಅವಳ ಜಾಗದಲ್ಲಿ ಕಾಲುವೆಯ ಮೇಲ್ಗಡೆಯ ರೈತನೊಬ್ಬನ ಹೆಸರಿತ್ತು. ನಾನು ನಮ್ಮ ಆಪರೇಟರನತ್ತ ನೋಡಿದೆ. ಆ ರೈತನ ಜೊತೆ ಅವನು ಚಹಾ ಕುಡಿಯುತ್ತಿದ್ದುದನ್ನು ಮೊನ್ನೆಯಷ್ಟೇ ಕಂಡಿದ್ದೆ.

"ಸೆಟ್ಟಿಂಗ್ ಫೈಲ್ ಯಾರು ಮುಟ್ಟ್ಯಾರ?"

"ನಾನ ರಿ. ಮುಂಜಾನಿ ತಾಲೀಮಿಂದು ತೆಗದು ಖರೇದು ಹಚ್ಚೇನಿ. ಯಾಕ್ರಿ ಸರ್, ನನ್ನ ಮ್ಯಾಲ ಗುಮಾನಿ ಏನ್ರಿ?"

"ಹಂಗೇನಿಲ್ಲ," ಎಂದೆ. ಹಂಗೇ ಇತ್ತು.

ಫೈಲ್ ತೆರೆದೆ. ಸಾಲು ಸರಿಯಾಗಿತ್ತು. ನಿಜವಾದ ಡೇಟಾಬೇಸನ್ನು ನೇರವಾಗಿ ತೆರೆದರೆ ಅವಳ ಪಾಳಿಯೂ ಅಲ್ಲಿ ಭದ್ರ. ಎಲ್ಲ ಇಷ್ಟು ಚೊಕ್ಕವಾಗಿದ್ದದ್ದಕ್ಕೇ ಅನುಮಾನ ಹೆಚ್ಚಾಯಿತು.

"ಬದಲು ಮಾಡಿದ ಮ್ಯಾಲ ಬಂದ್ ಮಾಡಿ ಚಾಲೂ ಮಾಡೀಯೇನು?"

"ಪೂಜಾ ಆಗಿತ್ತಲ್ರಿ," ಎಂದು ಅವನು ಮಾನಿಟರಿನ ಹಣೆಯ ಕುಂಕುಮ ತೋರಿಸಿದ.

ನೀರು ಬಿಡುವ ದಿನ ಗೇಟಿನ ಜೊತೆ ಕಂಪ್ಯೂಟರಿಗೂ ಪೂಜೆ. ಪೂಜೆಯಾದದ್ದನ್ನು ಹೊತ್ತು ಮುಳುಗುವ ತನಕ ನಿಲ್ಲಿಸಬಾರದೆಂಬುದು ನಮ್ಮ ಕಚೇರಿಯ ಪದ್ಧತಿ. ಓಆರ್‌ಎಂ ಆ ಸಾಲನ್ನು ಓದುವುದು ಪ್ರೋಗ್ರಾಮು ಶುರುವಾಗುವಾಗ ಮಾತ್ರ. ನಿನ್ನೆಯಿಂದ ನಿಲ್ಲದ ಪ್ರೋಗ್ರಾಮು ಇನ್ನೂ ತಾಲೀಮಿನ ಪಾಳಿಗಳನ್ನೇ ಹಿಡಿದು ಕೂತಿತ್ತು.

ಯಂತ್ರ ಆರಿಸುವುದು ಬೇಡ, ಒಳಗಿನ ಪ್ರೋಗ್ರಾಮು ನಿಲ್ಲಿಸಿದರೆ ಸಾಕು. ಆದರೆ ಪೂಜೆ ಎಷ್ಟು ಒಳಗಿನ ತನಕ ಇಳಿದಿರುತ್ತದೆ? ನಾನು ಯೋಚಿಸುತ್ತ ಕೂತೆ.

"ಯಪ್ಪಾ, ಪಾಪ ಬಂದ್ರ ನನಗ ಹಚ್ಚ್ರಿ. ಹೊತ್ತ ಏರಾಕತ್ತದ," ಎಂದಳು ಅವಳು.

ನಿಲ್ಲಿಸಿ ಶುರು ಮಾಡಿದೆ. ಅವಳ ಹೆಸರು ಬಂತು. ಆಪರೇಟರ್ ಗೇಟಿನವನಿಗೆ ಫೋನ್ ಮಾಡಿ ಹೇಳುವಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು.

"ಚಾ ಕುಡ್ಯೋಣ ಬರ್ರಿ ಸರ್. ನನ್ನ ಜೋಡಿ ಕುಂತ್ರ ನಿಮ್ಮ ಮ್ಯಾಲೂ ಗುಮಾನಿ ಬರತದ, ನೋಡ್ಕೋರಿ," ಎಂದ ಆಪರೇಟರ್.

ಹೋದೆ, ರಸ್ತೆಗೆ ಬೆನ್ನು ಮಾಡಿ ಕೂತೆ. ಮಧ್ಯಾಹ್ನ ಅವನ ಫೋನಿಗೆ ಗೇಟಿನವನ ಕರೆ ಬಂತು: ಆಕಿ ಹೊಲಕ್ಕ ನೀರ ಮುಟ್ಟೇದ. ನಾನು ಫೋನ್ ಇಸಿದುಕೊಂಡು, "ಖರೇನ?" ಎಂದು ಇನ್ನೊಮ್ಮೆ ಕೇಳಿದೆ.