ಇಂಡಿಯಲ್ಲಿ ಮನಿಶಾಸ್ತ್ರ

"ಮೇಡಂ, ನಮ್ಮ ಅಡಗಿಮನಿ ಯಾವ ದಿಕ್ಕಿಗಿರಬೇಕ್ರಿ?"

ಮೈಸೂರಿನಿಂದ ಇಂಡಿಗೆ ಬಂದಿಳಿದು, ಬಾಡಿಗೆ ಮನೆ ನೋಡಲು ಹೋದ ನನ್ನನ್ನು ಮಾಲೀಕ ರಾಜೇಸಾಬರು ಕೇಳಿದ ಮೊದಲ ಪ್ರಶ್ನೆ ಇದು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಲು ಬಂದಿದ್ದೇನೆ ಎಂದು ಆಗಷ್ಟೇ ಗಂಭೀರವಾಗಿ ಘೋಷಿಸಿದ್ದೆ. ಇಲ್ಲಿ ಮನೆ ಎಂದರೆ ಮನಿ. ಅವರ ಕಿವಿಗೆ ಬಿದ್ದದ್ದು ಮನಿಶಾಸ್ತ್ರ, ಅಂದರೆ ವಾಸ್ತು. "ನಮಗ ಅದರಾಗ ನಂಬಿಕಿ ಇಲ್ರಿ, ಆದ್ರ ನಾಳೆ ಕೊಳ್ಳಾವ್ರು ಕೇಳ್ತಾರ" ಎಂದರು. ತಿದ್ದುಪಡಿಯನ್ನು ಕೀಲಿಕೈ ನನ್ನ ಕೈಸೇರಿದ ಮೇಲೆ ಮಂಡಿಸಿದೆ.

ಹೊಸ ಊರು ಕಲಿಯುವುದರಲ್ಲಿ ಇಷ್ಟು ಉಲ್ಲಾಸವಿದೆಯೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಮೈಸೂರಿನಲ್ಲಿ ನಾವು 'ಊಟ ಆಯ್ತಾ' ಎಂದು ಕೇಳಿ ಮುಂದೆ ನಡೆಯುತ್ತೇವೆ; ಇಲ್ಲಿ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟ ಮೇಲೆ ಕೇಳುತ್ತಾರೆ. ಹಿಂಡಿ ಎಂದರೆ ಚಟ್ನಿಪುಡಿ. ಮೊದಮೊದಲು ಇಲ್ಲಿಯ ಏರುದನಿ ಕೇಳಿ, ಊರಿಗೆ ಊರೇ ನನ್ನನ್ನು ಗದರಿಸುತ್ತಿದೆಯೆಂದು ಭಾವಿಸಿ, ಸಂಜೆ ಒಬ್ಬಳೇ ಮಂಕಾಗಿ ಕೂರುತ್ತಿದ್ದೆ. ಅದು ಗದರಿಕೆಯಲ್ಲ, ಕುಶಲ ವಿಚಾರಣೆ. ಟೆಂಪೋದವನು "ಹತ್ರಿ ಮೇಡಂ, ಲಗೂನ" ಎಂದು ಅವಸರಪಡಿಸಿದಾಗ "ಹತ್ತಾಕತ್ತೇನಿ, ತಡಿಯಪ್ಪಾ" ಎಂದು ಉತ್ತರಿಸಿದ ದಿನ ನನಗೆ ನಾನೇ ಪದವಿ ಪ್ರದಾನ ಮಾಡಿಕೊಂಡೆ.

ಈ ಬೇಸಿಗೆಯಲ್ಲಿ ನಿಜವಾದ ಪದವಿಯ ಪ್ರಶ್ನೆಯೇ ಎದುರಾಯಿತು. ರಾಜೇಸಾಬರು ಲಿಂಬೆಹಣ್ಣಿನ ವ್ಯಾಪಾರಿ. ಮಗಳು ರೇಷ್ಮಾ ಪಿಯುಸಿಯಲ್ಲಿ ವಿಜ್ಞಾನ ಮುಗಿಸಿ, ಓದಿದರೆ ಮನಶ್ಶಾಸ್ತ್ರವೇ ಎಂದು ಹಟ ಹಿಡಿದಿದ್ದಳು. ನಮ್ಮ ಕಾಲೇಜಿನಲ್ಲಿ ಆ ವಿಷಯ ಇರುವುದು ಬಿ.ಎ.ಯಲ್ಲಿ ಮಾತ್ರ, ಅದನ್ನೇ ಬಿ.ಎಸ್ಸಿ.ಯಲ್ಲಿ ಓದಬೇಕೆಂದರೆ ಮೈಸೂರಿನಂಥ ದೂರದ ಊರು. ಸೈನ್ಸ್ ಓದಿದವಳು ಆರ್ಟ್ಸಿಗೆ 'ಇಳಿಯ'ಬಾರದು, ಹುಡುಗಿ ದೂರ ಹೋಗಬಾರದು ಎಂಬ ಎರಡು ನಿರ್ಣಯಗಳನ್ನು ಬಂಧುಬಳಗ ಅಂಗೀಕರಿಸಿತ್ತು. ಉಳಿದದ್ದು, ಊರಲ್ಲೇ ಸಿಗುವ, ಅವಳಿಗೆ ಬೇಡವಾದ ಕೆಮಿಸ್ಟ್ರಿ.

"ಮನಸ್ಸು ಒಂದ ಐತಿ, ಡಿಗ್ರಿ ಎರಡು ಯಾಕ್ರಿ?" ಎಂದರು ರಾಜೇಸಾಬರು.

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೀಠಾಲಂಕೃತಳಾಗಿ ವಿವರಿಸಿದೆ. ಬಿ.ಎ.ಯಲ್ಲಿ ಮನಸ್ಸಿನ ಪಕ್ಕದಲ್ಲಿ ಸಮಾಜ, ಇತಿಹಾಸ, ಸಾಹಿತ್ಯ ಕೂತಿರುತ್ತವೆ. ಮನುಷ್ಯ ನಾಲ್ಕು ಜನರ ನಡುವೆ ಹೇಗೆ ಬಾಳುತ್ತಾನೆಂಬ ಕಡೆ ಒಲವು. ಬಿ.ಎಸ್ಸಿ.ಯಲ್ಲಿ ಪಕ್ಕದವರು ಜೀವಶಾಸ್ತ್ರ, ಸಂಖ್ಯಾಶಾಸ್ತ್ರ. ಪ್ರಯೋಗ ಹೆಚ್ಚು, ಅಳತೆ ಹೆಚ್ಚು. ಮುಂದಿನ ಓದಿಗೆ ಸಾಮಾನ್ಯವಾಗಿ ಎರಡರಿಂದಲೂ ದಾರಿಯುಂಟು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

"ಹಂಗಾರ ಇಲ್ಲೇ ಬಿ.ಎ. ಮಾಡ್ಲಿ. ಹೆಂಗೂ ನೀವು ಅದೀರಿ."

ನನ್ನ ತರಗತಿಗೆ ಮಕ್ಕಳು ಕಡಿಮೆ. ಪ್ರಶ್ನೆ ಕೇಳುವವರು ಇನ್ನೂ ಕಡಿಮೆ. ಬಾಯಲ್ಲಿ ನೀರೂರಿತು. ಆದರೂ ರೇಷ್ಮಾಳನ್ನು ಕೇಳಿದೆ, "ನಿನಗೇನು ಬೇಕು?"

"ಲಕ್ವಾ ಹೊಡದ ಮ್ಯಾಲೆ ನಮ್ಮ ಅಜ್ಜಿ ನನ್ನ ಹೆಸರು ಮರತಾಳ್ರಿ. ಹಾಡು ಮರತಿಲ್ಲ. ಮೆದುಳಿನಾಗ ಹೆಸರು ಎಲ್ಲಿರತೈತಿ, ಹಾಡು ಎಲ್ಲಿರತೈತಿ, ಅದು ನೋಡಬೇಕು."

"ಹಾಗಾದರೆ ಬಿ.ಎಸ್ಸಿ." ಎಂದೆ. ನನ್ನ ತರಗತಿಯ ಬೆಂಚೊಂದು ಸದ್ದಿಲ್ಲದೆ ಬರಿದಾಯಿತು.

ರಾಜೇಸಾಬರು ನನ್ನನ್ನೇ ದಿಟ್ಟಿಸಿದರು. "ಇಷ್ಟು ದೂರ ಒಬ್ರೇ ಬಂದು ಅದೀರಿ. ನಾವೇನು ನಿಮ್ಮನ್ನ ತಿಂದ್ವೇನ್ರಿ?"

"ಇಲ್ಲ. ತಿನ್ನಿಸಿದಿರಿ."

"ಹಂಗಾರ ನಿಮ್ಮ ಮಂದೀನೂ ಇಕಿನ್ನ ತಿನ್ನೂದಿಲ್ಲ. ಹೋಗ್ಲಿ."

ರೇಷ್ಮಾ ಈಗ ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ಮೊನ್ನೆ ಫೋನು ಮಾಡಿದಳು. ಮೆದುಳಿನ ಮಾದರಿಯನ್ನು ಕೈಯಲ್ಲಿ ಹಿಡಿದಳಂತೆ. ಆ ಸಂಭ್ರಮಕ್ಕೆ ನನ್ನ ಕಿವಿ ಗುಂಯ್‌ಗುಟ್ಟಿತು. ಆಮೇಲೆ ದನಿ ತಗ್ಗಿಸಿದಳು. "ಇಲ್ಲಿ ಯಾರೂ ಮನಸಿನಾಗಿಂದು ಬಾಯಿಬಿಟ್ಟು ಹೇಳೂದಿಲ್ರಿ. ನಾ ಹೇಳಿದ್ರ ಜಗಳಾ ಅಂತಾರ. ನಿಮ್ಮ ಮಂದಿ ಹಿಂಗ್ಯಾಕ್ರಿ ಮೇಡಂ?"

ಹುಟ್ಟೂರನ್ನು ಸಮರ್ಥಿಸಲು ಬಾಯಿ ತೆರೆದೆ. ಹೊರಬಂದದ್ದು ಬೇರೆ: "ಅವರು ಹಂಗ ಅದಾರ, ಬಿಡವಾ."