ಭುವನೇಶ್ವರಿಗೆ ಸಿಗದ ಮಷಿನ್

ಸಿನ್ನರಿನ ಕೈಗಾರಿಕಾ ವಸಾಹತಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ನಾಸಿಕದಿಂದ ಬಂದ ಕಂಪನಿ ಬಸ್ಸಿಳಿದ ಭುವನೇಶ್ವರಿ ಊಟದ ಡಬ್ಬಿಯನ್ನು ಮೂಲೆಗಿಟ್ಟು, ಸೀರೆಯ ಮೇಲೆ ನೀಲಿ ಕೋಟು ತೊಟ್ಟು, ಅರ ಕೈಗೆತ್ತಿಕೊಳ್ಳುತ್ತಾರೆ. ಪ್ರೆಸ್ ಮಷಿನ್ ಒತ್ತಿ ಕೊಟ್ಟ ಕಬ್ಬಿಣದ ತುಣುಕುಗಳ ಚೂಪು ಅಂಚನ್ನು ಉಜ್ಜಿ, ನಯ ಮಾಡಿ, ಪೆಟ್ಟಿಗೆಗೆ ತುಂಬುವುದು ಅವರ ಕೆಲಸ. ಆ ತುಣುಕು ಮುಂದೆ ಯಾವುದೋ ಕಾರಿನ ಬಾಗಿಲೊಳಗೆ ಹೋಗಿ ಕೂರುತ್ತದೆ. ಕೈ ಅರದ ಮೇಲಿದ್ದರೂ ಕಣ್ಣು ಮಾತ್ರ ಎದುರಿನ ಹೊಸ ಪ್ರೆಸ್ಸಿನ ಮೇಲೆ. ಅದನ್ನು ನಡೆಸುವವಳು ಪ್ರಾಚಿ, ಛತ್ರಪತಿ ಸಂಭಾಜಿನಗರದಲ್ಲಿ ಐಟಿಐ ಮುಗಿಸಿ ಬಂದ ಗಂಗಾಪುರದ ಹುಡುಗಿ.

"ಹೊಟ್ಟಿ ಉರೀತದ್ರೀ," ಎನ್ನುತ್ತಾರೆ ಭುವನೇಶ್ವರಿ, ಒಂದಿಷ್ಟೂ ಮುಚ್ಚುಮರೆಯಿಲ್ಲದೆ. "ಅಕಿ ಕೆಟ್ಟಾಕಿ ಇದ್ದಿದ್ರ ಛಲೋ ಆಗ್ತಿತ್ತು, ಬೈಲಿಕ್ಕರ ಬರ್ತಿತ್ತು. ಏನ್ ಮಾಡ್ಲಿ, ಭಾಳ ಛಂದ ಹುಡುಗಿ."

ಈ ಉರಿ ನಿನ್ನೆ ಮೊನ್ನೆಯದಲ್ಲ. ಬೀದರ್ ಜಿಲ್ಲೆಯ ಭಾಲ್ಕಿಯಿಂದ ಮದುವೆಯಾಗಿ ನಾಸಿಕಕ್ಕೆ ಬಂದು, ಇಲ್ಲಿ ಹೆಲ್ಪರ್ ಆಗಿ ಸೇರಿದ ಹೊಸತರಲ್ಲೇ ಅವರು ಪ್ರೆಸ್ ಕಲಿಸಿ ಎಂದು ಸೂಪರ್‌ವೈಸರ್ ಭುಜಂಗರಾವ್ ಅವರನ್ನು ಕೇಳಿದ್ದರು. ಸೀರೆ ಮಷಿನ್‌ಗೆ ಸಿಕ್ಕಿಕೊಳ್ಳುತ್ತದೆ ಎಂದುಬಿಟ್ಟ ಆ ಮಹಾರಾಯ. ಮರುದಿನ ಇವರು ಚೂಡಿದಾರ್ ತೊಟ್ಟು ಬಂದು ನಿಂತರು. ಆಗ ರಾತ್ರಿ ಪಾಳಿಯ ನೆಪ ಬಂತು. ಅದೂ ಸವೆದ ಮೇಲೆ, ಇದು ಹೆಂಗಸರ ಕೆಲಸವಲ್ಲ ಎಂಬ ಕಡೆಯ ಮಾತು. ಆಮೇಲೆ ಸೇರಿದ ಗಂಡುಹುಡುಗರೆಲ್ಲ ಒಬ್ಬೊಬ್ಬರಾಗಿ ಆಪರೇಟರ್ ಆದರು. "ಅವರಿಗಿ ಚಹಾ ಕೊಟ್ಟು ಬಾ ಅಂತ ನನಗೇ ಹೇಳ್ತಿದ್ರು ನೋಡ್ರಿ."

ಈಗ ಕಾಲ ತಿರುಗಿದೆ. ಕಂಪನಿ ಮಹಿಳೆಯರದ್ದೇ ಒಂದು ವಿಭಾಗ ತೆರೆದಿದೆ, ಗೇಟಿನಲ್ಲಿ ಪ್ರಾಚಿಯ ನಗುಮುಖದ ಬೋರ್ಡು ನಿಂತಿದೆ. ಭುವನೇಶ್ವರಿ ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದ್ದರು. ಆಫೀಸಿನವರು ನಯವಾಗಿಯೇ ಹೇಳಿದರು: ಮೂವತ್ತು ದಾಟಿದವರಿಗೆ ಇಲ್ಲ.

"ಆಗ ಹೆಂಗಸು ಅಂತ ಬ್ಯಾಡಾದೆ. ಈಗ ಹೆಂಗಸರೇ ಬೇಕು ಅಂದಾಗ ಮುದುಕಿ ಆದೆ. ನಡುವ ನನ್ನ ಪಾಳಿ ಯಾವಾಗ ಬಂದಿತ್ರೀ?"

ಇಲ್ಲಿ ದಸರೆಗೆ ಮಷಿನ್‌ಗಳ ಪೂಜೆ. ಅವುಗಳ ಮುಂದೆ ರಂಗೋಲಿ ಹಾಕುವುದು ಹೆಲ್ಪರ್ ಹೆಂಗಸರು, ಆರತಿಯಾದ ಮೇಲೆ ಗುಂಡಿ ಒತ್ತುವುದು ಆಪರೇಟರ್. ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ಹಾಕಿದ ಭುವನೇಶ್ವರಿ ಈ ಸಲ ಹೊಸ ಪ್ರೆಸ್ಸಿನ ಮುಂದೆ ಒಂದು ಚುಕ್ಕೆಯನ್ನೂ ಇಡಲಿಲ್ಲ. ಮುಖ ಸಣ್ಣದು ಮಾಡಿಕೊಂಡ ಪ್ರಾಚಿ ಬಂದು ಅವರ ಕೈ ಹಿಡಿದಳು. ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎಂದು ಕರೆದು, ಈ ಸಲ ಗುಂಡಿ ನೀವೇ ಒತ್ತಿ ಎಂದು ಮರಾಠಿಯಲ್ಲಿ ಕೇಳಿಕೊಂಡಳು. ಸುತ್ತಲಿನವರು ಚಪ್ಪಾಳೆಗೆ ಸಜ್ಜಾದರು. ಭುವನೇಶ್ವರಿ ಕೈ ಬಿಡಿಸಿಕೊಂಡರು.

"ಆಶಾ ಆಗಿತ್ತು, ಸುಳ್ಳು ಯಾಕ ಹೇಳ್ಲಿ? ಕಣ್ಣಾಗ ನೀರೂ ಬಂತು. ಆದ್ರ ಅಕಿ ಕೊಟ್ರ ಅದು ಹಬ್ಬದ ಬಾಗಿನ. ನನಗ ಬೇಕಾಗಿದ್ದು ಡ್ಯೂಟಿ."

ಅಂದಿನಿಂದ ಕೆಲವರು ಅವರನ್ನು ಮಾತಾಡಿಸುವುದಿಲ್ಲ. ಪಾಪದ ಹುಡುಗಿಯ ಮನಸ್ಸು ನೋಯಿಸಿದರಂತೆ! ಇಪ್ಪತ್ತು ವರ್ಷ ನೊಂದ ಮನಸ್ಸು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಭುವನೇಶ್ವರಿ ಮತ್ತೆ ಅರ್ಜಿ ಕೊಟ್ಟಿದ್ದಾರೆ. ಪರೀಕ್ಷೆ ಮಾಡಿ, ಫೇಲಾದರೆ ಸುಮ್ಮನಾಗುತ್ತೇನೆ ಎಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಹೊಸ ಪ್ರೆಸ್ಸಿನ ಪಕ್ಕ ನಿಲ್ಲಿ, ಚಿತ್ರ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ ಈ ವರದಿಗೆಂದು ಬಂದ ಪತ್ರಿಕೆಯ ಫೋಟೊಗ್ರಾಫರ್. ಪ್ರಾಚಿ ಸರಿದು ಜಾಗ ಬಿಡುತ್ತಾಳೆ. ಭುವನೇಶ್ವರಿ ಆ ಮಷಿನ್ನನ್ನು ಕಣ್ತುಂಬ ನೋಡಿ, ಮತ್ತೆ ತಮ್ಮ ಮೇಜಿಗೇ ಬಂದು ಕೂರುತ್ತಾರೆ.

"ಇಲ್ಲೇ ತೆಗೀರಿ. ಅಲ್ಲಿಂದು ಬೇಕಂದ್ರ, ನಾ ಅದನ್ನ ನಡಸೂ ದಿನ ಬರ್ರಿ."